ಮಾನಿಟರ್ ಹುಡುಗಿಯ ಸ್ವೆಟರ್

ನನ್ನ ಗಂಡ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರನ್ನು ಬೈಯುವುದಿದೆ. ಒಳ್ಳೆಯತನ ಅತಿಯಾದವರ ಜೊತೆ ಸಂಸಾರ ಮಾಡಿದವರಿಗೆ ಮಾತ್ರ ಗೊತ್ತು, ಅದರಿಂದ ಎಷ್ಟು ಪೀಕಲಾಟ ಎಂದು.

ಅವರು ಹೆಣದ ಗಾಡಿಯ ಡ್ರೈವರು. ಆಫೀಸಿನವರು ಗಾಡಿಯ ಮೇಲೆ ಏನೋ ನಯವಾದ ಹೆಸರು ಬರೆಸಿದ್ದಾರೆ, ಆದರೆ ಬೀದಿಯಲ್ಲಿ ಅದು ಹೆಣದ ಗಾಡಿಯೇ. ಕೆಲಸ ಮುಗಿಸಿ ಬಂದವರು ಯಾರ ಮನೆಗೆ ಹೋಗಿದ್ದೆ ಎಂದು ಬಾಯಿ ಬಿಡುವುದಿಲ್ಲ. ಒಂದು ಮನೆ ಎನ್ನುತ್ತಾರೆ, ಅಷ್ಟೇ. ಅದು ಆ ಕೆಲಸದವರೆಲ್ಲ ಪಾಲಿಸುವ ಕಟ್ಟುಪಾಡು. ಇನ್ನೊಂದೂ ಇದೆ. ಗಾಡಿಯಲ್ಲಿ ಯಾರಾದರೂ ಕನ್ನಡಕವೋ ಚಪ್ಪಲಿಯೋ ಮರೆತುಹೋದರೆ ಡ್ರೈವರು ತಾನಾಗಿ ಹೋಗಿ ಕೊಡುವಂತಿಲ್ಲ. ಅದನ್ನು ಆಫೀಸಿನ ಗುಮಾಸ್ತರಿಗೆ ಒಪ್ಪಿಸಬೇಕು. ಅವರು ಫೋನು ಮಾಡಿ ಕೇಳುತ್ತಾರೆ, ಬೇಕಾದವರು ಬಂದು ಒಯ್ಯುತ್ತಾರೆ, ಬೇಡವಾದವರು ಬರುವುದಿಲ್ಲ. ದುಃಖ ಆರುವ ಮೊದಲೇ ಆ ಡ್ರೈವರನ ಮುಖ ಮತ್ತೆ ಎದುರಿಗೆ ಬಂದರೆ ಯಾರಿಗೆ ತಾನೇ ಸಹಿಸಲಾಗುತ್ತದೆ? ಇಷ್ಟು ವರ್ಷ ನನ್ನ ಗಂಡ ಈ ಎರಡನ್ನೂ ಮೀರಿದವರಲ್ಲ. ಮೀರಿದ್ದು ಒಂದೇ ಸಲ, ಅದೂ ಕರುಣೆಯಿಂದ.

ನಮಗೆ ಒಬ್ಬಳೇ ಮಗಳು, ಏಳನೇ ಕ್ಲಾಸು. ಮನೆಯಲ್ಲಿ ಅವಳನ್ನು ಗುಬ್ಬಿ ಅನ್ನುತ್ತೇವೆ. ಸ್ಕೂಲಿನಲ್ಲಿ ಅವಳ ಹೆಸರು ‘ಲಾಸ್ಟ್ ಬಸ್’. ಒಂದು ಸಂಜೆ ಅವಳಪ್ಪ ಖಾಲಿ ಗಾಡಿ ತೆಗೆದುಕೊಂಡು ಸ್ಕೂಲ್ ಗೇಟಿನ ಮುಂದೆ ಹೋಗುವಾಗ, ಮಗಳನ್ನು ಕಂಡ ಖುಷಿಗೆ ಹಾರ್ನ್ ಹೊಡೆದು ಕೈಬೀಸಿದ್ದರು. ಅಷ್ಟು ಸಾಕಾಯಿತು. ಮರುದಿನವೇ ಕ್ಲಾಸಿನಲ್ಲಿ ಹೊಸ ಆಟ ಶುರುವಾಯಿತು. ಆಟದ ಹೆಸರು ಟಿಕೆಟ್. ಗುಬ್ಬಿಯ ಮೈ ಯಾರಿಗಾದರೂ ತಾಕಿದರೆ ಅವರಿಗೆ ಲಾಸ್ಟ್ ಬಸ್ಸಿನ ಟಿಕೆಟ್ ಸಿಕ್ಕಿದಂತೆ. ತಕ್ಷಣ ಆ ಕೈಯನ್ನು ಇನ್ನೊಬ್ಬರ ಮೈಗೆ ಒರೆಸಿ “ಟಿಕೆಟ್ ನಿಂದು” ಅನ್ನಬೇಕು. ಅವರು ಇನ್ನೊಬ್ಬರಿಗೆ, ಇನ್ನೊಬ್ಬರು ಮತ್ತೊಬ್ಬರಿಗೆ. ಸಂಜೆಯ ಬೆಲ್ ಹೊಡೆದಾಗ ಟಿಕೆಟ್ ಯಾರ ಹತ್ತಿರ ಉಳಿಯುತ್ತದೋ ಅವರ ಮನೆಯಲ್ಲಿ ಯಾರೋ ಒಬ್ಬರು ಬಸ್ ಹತ್ತುತ್ತಾರೆ.

ಇಂಥದ್ದನ್ನು ಯೋಚಿಸಿ ಕಟ್ಟಿದವಳು ಕ್ಲಾಸಿನ ಮಾನಿಟರ್ ಹುಡುಗಿ. ಓದಿನಲ್ಲಿ ಮುಂದು, ಭಾಷಣದಲ್ಲಿ ಮುಂದು, ಟೀಚರುಗಳಿಗೆಲ್ಲ ಅಚ್ಚುಮೆಚ್ಚು. ಮೇಷ್ಟ್ರು ನೋಟ್‌ಬುಕ್ ಕಲೆಹಾಕಿ ತಾ ಎಂದರೆ ಎಲ್ಲರದನ್ನೂ ಕೈಯಲ್ಲಿ ತೆಗೆದುಕೊಂಡು, ಗುಬ್ಬಿಯದನ್ನು ಮಾತ್ರ ಸ್ಕೇಲಿನಿಂದ ತಳ್ಳುತ್ತಿದ್ದಳಂತೆ. ಸಾಲಿನಲ್ಲಿ ನಿಂತಾಗ ಗುಬ್ಬಿಯ ಹಿಂದೆ ಮುಂದೆ ಇಬ್ಬರು ನಿಲ್ಲುವಷ್ಟು ಜಾಗ. ಬೆಂಚಿನಲ್ಲಿ ಅವಳೊಬ್ಬಳೇ. ನಾನು ಒಂದು ಸಲ ಕ್ಲಾಸ್ ಟೀಚರನ್ನು ಕಂಡು ಹೇಳಿದೆ. ಮಕ್ಕಳು, ಆಡ್ತಾರೆ ಬಿಡ್ತಾರೆ, ನೀವು ತಲೆಗೆ ಹಚ್ಚಿಕೊಳ್ಳಬೇಡಿ ಎಂದು ಸಮಾಧಾನ ಹೇಳಿ ಕಳಿಸಿದರು. ಅವರ ತಲೆಗೆ ಹತ್ತದಿದ್ದರೆ ಸರಿ, ನನ್ನ ಮಗಳು ರಾತ್ರಿ ಕೈ ತೊಳೆದು ತೊಳೆದು ಚರ್ಮ ಬಿರಿಸಿಕೊಳ್ಳುವುದನ್ನು ನೋಡಿದವಳು ನಾನು.

ಅವಳಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಹೇಳಬಾರದೆಂದು ಗುಬ್ಬಿ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಅಪ್ಪ ಬೇಜಾರು ಮಾಡಿಕೊಳ್ಳುತ್ತಾರೆ ಎಂದಳು. ಅವಳಿಗೆ ಆಗುತ್ತಿದ್ದ ಬೇಜಾರಿನ ಲೆಕ್ಕವೇ ಬೇರೆ ಎನ್ನುವಂತೆ.

ಆ ದಿನ ನನ್ನದು ಬೆಳಗಿನ ಶಿಫ್ಟು. ನಾನು ಬಿಸ್ಕತ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಬೆಲ್ಟಿನ ಮುಂದೆ ನಿಲ್ಲುವವಳು. ಬಿಸ್ಕತ್ತುಗಳು ಸಾಲಾಗಿ ಬರುತ್ತವೆ, ಮುರಿದದ್ದು, ಸೀದದ್ದು ಕಂಡರೆ ಎತ್ತಿ ಬುಟ್ಟಿಗೆ ಹಾಕಬೇಕು. ಕೆಲಸ ಇಷ್ಟೇ, ಆದರೆ ಕಣ್ಣು ಆಚೀಚೆ ಹೋಗುವಂತಿಲ್ಲ. ಫೋನೆಲ್ಲ ಲಾಕರಿನಲ್ಲಿ. ಟೀ ವಿರಾಮದಲ್ಲಿ ಫೋನು ತೆಗೆದರೆ ಗಂಡನ ಕರೆ ಬಂದಿತ್ತು. ನಾನು ಮಾಡಿದಾಗ ಅವರು ಭಾರಿ ಖುಷಿಯಲ್ಲಿದ್ದರು. ನಿನ್ನೆ ಒಂದು ಮನೆಗೆ ಹೋಗಿದ್ದೆ ಎಂದರು. ಅಜ್ಜಿ ಹೋಗಿದ್ದರಂತೆ. ಮೊಮ್ಮಗಳು ಸ್ಕೂಲಿಂದ ನೇರ ಬಂದವಳು, ಗಾಡಿಯಲ್ಲಿ ಅಜ್ಜಿಯ ಪಕ್ಕ ಕೂತು ಒಂದೇ ಸಮ ಅಳುತ್ತಿದ್ದಳಂತೆ. ಅಜ್ಜಿಗೆ ಚಳಿ ಎನ್ನುತ್ತಾ ತನ್ನ ಸ್ವೆಟರ್ ಬಿಚ್ಚಿ ಅಜ್ಜಿಯ ಕಾಲಿಗೆ ಹೊದಿಸಿದಳಂತೆ. ದೊಡ್ಡವರು ಯಾರೋ ಇಳಿಸುವ ಹೊತ್ತಿಗೆ ಅದನ್ನು ತೆಗೆದು ಸೀಟಿನ ಕೆಳಗೆ ಎಸೆದಿದ್ದಾರೆ. ಗಾಡಿ ತೊಳೆಯುವಾಗ ಸಿಕ್ಕಿತು.

“ನಮ್ಮ ಗುಬ್ಬಿ ಸ್ಕೂಲಿಂದೇ ಕಣೇ ಆ ಸ್ವೆಟರ್,” ಎಂದರು. “ಈ ಚಳೀಲಿ ಮಗು ಏನು ಹಾಕ್ಕೊಂಡು ಹೋಗುತ್ತೆ ಹೇಳು? ಗುಮಾಸ್ತರಿಗೆ ಕೊಟ್ರೆ ಬೀರು ಸೇರುತ್ತೆ, ಅಷ್ಟೇ. ಅದಕ್ಕೇ ಒಗೆದು, ಇಸ್ತ್ರಿ ಹಾಕಿ ಗುಬ್ಬಿ ಕೈಲಿ ಕಳಿಸಿದೀನಿ. ಯಾರೂ ಇಲ್ದಾಗ ಸುಮ್ನೆ ಕೊಟ್ಬಿಡಮ್ಮ ಅಂದೆ.”

ಒಳ್ಳೆಯ ಕೆಲಸ ಮಾಡಿದಿರಿ ಎಂದು ಹೇಳಬೇಕೆಂದಿದ್ದೆ. ಯಾಕೋ ಬಾಯಿಗೆ ಬಂದದ್ದು ಬೇರೆ. ಯಾರ ಸ್ವೆಟರ್ ಅದು, ಗುಬ್ಬಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅಯ್ಯೋ, ಗೊತ್ತಾಗದೆ ಏನು, ಎದೆ ಮೇಲೆ ಮಾನಿಟರ್ ಅಂತ ಬ್ಯಾಡ್ಜ್ ಇತ್ತು, ಏಳನೇ ಕ್ಲಾಸು ಅಂತಲೂ ಇತ್ತು, ಒಗೆಯುವಾಗ ಬಿಚ್ಚಿಟ್ಟು ಮತ್ತೆ ಅಲ್ಲೇ ಚುಚ್ಚಿದ್ದೇನೆ ಎಂದರು.

ಅವಳೇ, ಆ ಟಿಕೆಟ್ ಹುಡುಗಿ. ಗುಬ್ಬಿ ಏನೆಂದಳು ಎಂದು ಕೇಳಿದರೆ, ಏನೂ ಅನ್ನಲಿಲ್ಲ, ಬ್ಯಾಗಿನ ತಳದಲ್ಲಿಟ್ಟುಕೊಂಡು ಹೋದಳು ಎಂದರು. ಬೆಪ್ಪುತಕ್ಕಡಿ ಗಂಡ. ಆಗಲೇ ಬೈಯಬೇಕಿತ್ತು, ಆದರೆ ಏನೆಂದು ಬೈಯಲಿ? ಗೊತ್ತಿಲ್ಲದವರನ್ನು ಬೈದರೆ ಗೊತ್ತು ಮಾಡಿಸಬೇಕಾಗುತ್ತದೆ. ಬೆಲ್ ಹೊಡೆಯಿತು. ಫೋನು ಲಾಕರಿಗೆ ಹಾಕಿ ಬೆಲ್ಟಿಗೆ ಬಂದೆ.

ಆಮೇಲಿನ ಹೊತ್ತು ನಾನು ಏನು ಆರಿಸಿದೆನೋ ಏನು ಬಿಟ್ಟೆನೋ ದೇವರಿಗೇ ಗೊತ್ತು. ಕೈ ಬೆಲ್ಟಿನ ಮೇಲೆ, ಜೀವ ಸ್ಕೂಲಿನಲ್ಲಿ. ಆ ಮಾನಿಟರ್ ಹುಡುಗಿಯ ಮನೆಯಲ್ಲೇ ಸಾವಾಗಿದೆ. ಅದೂ ನಮ್ಮ ಗಾಡಿಯಲ್ಲೇ ಅವಳು ಕೂತು ಬಂದಿದ್ದಾಳೆ. ಊರಿಗೆಲ್ಲ ಟಿಕೆಟ್ ಹರಿದವಳ ಮನೆಗೇ ಬಸ್ ಬಂದಿದೆ, ಮತ್ತು ಅದರ ಗುರುತು ನನ್ನ ಮಗಳ ಬ್ಯಾಗಿನಲ್ಲಿದೆ. ಗುಬ್ಬಿ ಅದನ್ನು ಕ್ಲಾಸಿನ ನಡುವೆ ಎತ್ತಿ ಹಿಡಿದು ಒಂದು ಮಾತು ಹೇಳಿದರೆ ಸಾಕು, ಆ ಹುಡುಗಿಯ ಪಕ್ಕ ನಾಳೆಯಿಂದ ಯಾರೂ ಕೂರುವುದಿಲ್ಲ.

ಹೇಳಲಿ ಎಂದು ನನಗೆ ಅನ್ನಿಸಿತು. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಅನ್ನಿಸಿತು. ಅವಳೂ ಒಂದು ದಿನ ಖಾಲಿ ಬೆಂಚಿನಲ್ಲಿ ಕೂರಲಿ, ಅವಳ ನೋಟ್‌ಬುಕ್ಕನ್ನೂ ಯಾರಾದರೂ ಸ್ಕೇಲಿನಿಂದ ತಳ್ಳಲಿ. ಮರುಕ್ಷಣವೇ ಅಜ್ಜಿಯ ಕಾಲಿಗೆ ಸ್ವೆಟರ್ ಹೊದಿಸಿದ ಕೈ ಕಣ್ಣಿಗೆ ಬಂತು. ನನಗೆ ನನ್ನ ಮೇಲೇ ರೇಗಿತು. ಆಮೇಲೆ ಗುಬ್ಬಿಯ ಬಿರಿದ ಬೆರಳುಗಳು ನೆನಪಾಗಿ ಮತ್ತೆ ಆ ಹುಡುಗಿಯ ಮೇಲೆ ರೇಗಿತು. ಹೀಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಸೀದ ಬಿಸ್ಕತ್ತುಗಳು ನನ್ನ ಕಣ್ಣೆದುರೇ ಸಾಗಿ ಪ್ಯಾಕೆಟ್ಟಿನೊಳಗೆ ಸೇರಿದವು. ಮುಂದಿನ ತಿರುವಿನಲ್ಲಿ ನಿಂತವಳು, ಅಕ್ಕ, ನಿದ್ದೆ ಬಂತಾ ಎಂದು ಗೇಲಿ ಮಾಡಿದಳು. ಅವಳಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ, ಒಳ್ಳೆಯದಂತೂ ಆಗಿರಲಿಲ್ಲ.

ಸೂಪರ್‌ವೈಸರ್ ಬಂದು ಭುಜ ತಟ್ಟಿದಾಗ ಬುಟ್ಟಿಯ ಬಗ್ಗೆ ಬೈಯಲು ಬಂದರು ಎಂದುಕೊಂಡೆ. ಅವರು ಆಫೀಸ್ ರೂಮಿಗೆ ಸ್ಕೂಲಿಂದ ಫೋನು ಬಂದಿದೆ, ನಿಮ್ಮ ಮಗಳು ಏನೋ ಕದ್ದಿದ್ದಾಳಂತೆ ಎಂದರು. ಕದ್ದಿದ್ದಾಳೆ ಎನ್ನುವುದನ್ನು ಮಾತ್ರ ದನಿ ತಗ್ಗಿಸಿ ಹೇಳಿದರು, ಆದರೂ ಬೆಲ್ಟಿನ ಈ ತುದಿಯಿಂದ ಆ ತುದಿಯವರೆಗೆ ತಲೆಗಳು ತಿರುಗಿದವು. ನಾನು ಏಪ್ರನ್ ಬಿಚ್ಚಿದೆ. ತಲೆಯ ಟೋಪಿ ತೆಗೆಯುವುದು ಮರೆತು ಬೀದಿಗೆ ಬಂದಿದ್ದೆ. ಸ್ಕೂಲ್ ಗೇಟಿನಲ್ಲಿ ವಾಚ್‌ಮನ್ ಅದನ್ನೇ ನೋಡುತ್ತಿದ್ದಾಗ ಗೊತ್ತಾಯಿತು.

ಹೆಡ್‌ಮಿಸ್ ರೂಮಿನಲ್ಲಿ ಮೂವರಿದ್ದರು. ಮೇಜಿನ ಆಚೆ ಹೆಡ್‌ಮಿಸ್, ಅವರ ಮಡಿಲಲ್ಲಿ ಆ ಸ್ವೆಟರ್. ಒಂದು ಗೋಡೆಗೆ ಒರಗಿ ನನ್ನ ಗುಬ್ಬಿ, ಎದುರು ಗೋಡೆಗೆ ಒರಗಿ ಆ ಮಾನಿಟರ್ ಹುಡುಗಿ. ಅವಳನ್ನು ನಾನು ನೋಡಿದ್ದು ಅದೇ ಮೊದಲು. ರಾಕ್ಷಸಿಯಂತಿರುತ್ತಾಳೆ ಎಂದುಕೊಂಡಿದ್ದೆ. ಸಣ್ಣಗಿದ್ದಳು, ಕಣ್ಣು ಊದಿಕೊಂಡಿತ್ತು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ನನ್ನನ್ನು ನೋಡಿದ ಕೂಡಲೇ ಅವಳ ಮುಖದ ಬಣ್ಣ ಇಳಿದುಹೋಯಿತು.

ಆದದ್ದು ಇಷ್ಟು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ, ಕ್ಲಾಸು ಖಾಲಿಯಿದ್ದಾಗ, ಗುಬ್ಬಿ ಆ ಹುಡುಗಿಯ ಮುಂದೆ ಸ್ವೆಟರ್ ಹಿಡಿದಿದ್ದಾಳೆ. ಅವಳಪ್ಪ ಹೇಳಿದ ಹಾಗೇ, ಸುಮ್ಮನೆ. ಅಷ್ಟರಲ್ಲಿ ಬಾಗಿಲಲ್ಲಿ ಬೇರೆ ಮಕ್ಕಳು ಬಂದಿದ್ದಾರೆ. ಮಾನಿಟರ್ ಹುಡುಗಿ ಗಾಬರಿಯಾಗಿ, ನನ್ನ ಸ್ವೆಟರ್ ಕದ್ದಿದ್ದಾಳೆ ಎಂದು ಕಿರುಚಿದ್ದಾಳೆ. ಎಲ್ಲರೂ ಸೇರಿ ಗುಬ್ಬಿಯನ್ನು ಹಿಡಿದು ಇಲ್ಲಿಗೆ ಎಳೆದು ತಂದಿದ್ದಾರೆ. ಎಲ್ಲಿ ಸಿಕ್ಕಿತು ಎಂದು ಹೆಡ್‌ಮಿಸ್ ಎಷ್ಟು ಕೇಳಿದರೂ ಗುಬ್ಬಿ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ.

ಹೆಡ್‌ಮಿಸ್ ತುಂಬ ಸಮಾಧಾನದ ಹೆಂಗಸು. ಸ್ವೆಟರಿನ ತೋಳನ್ನು ಮೆಲ್ಲಗೆ ಸವರುತ್ತಾ, ನಾವು ಇದನ್ನು ದೊಡ್ಡದು ಮಾಡುವುದಿಲ್ಲ ಎಂದರು. ಕೆಲವು ಮನೆಗಳ ಮಕ್ಕಳಿಗೆ ಬೇರೆಯವರ ಒಳ್ಳೆಯ ವಸ್ತು ಕಂಡರೆ ಆಸೆಯಾಗುವುದು ಸಹಜ, ನಿಮ್ಮ ಹಿನ್ನೆಲೆ ನಮಗೆ ಅರ್ಥವಾಗುತ್ತದೆ ಎಂದರು. ನನಗೆ ಪಿತ್ತ ನೆತ್ತಿಗೇರಿತು. ಗುಬ್ಬಿಯ ಕೈ ಹಿಡಿದು ನೋಡಿದೆ. ಮಣಿಕಟ್ಟಿನ ಮೇಲೆ, ತೋಳಿನ ಮೇಲೆ ಬೆರಳುಗಳ ಕೆಂಪು ಗುರುತು. ಅದನ್ನು ಕಂಡ ಮೇಲೆ ನನ್ನ ಬಾಯಿಗೆ ತಡೆಯೇ ಉಳಿಯಲಿಲ್ಲ.

ಗುಬ್ಬಿಗೆ ಅದು ಗೊತ್ತಾಗಿರಬೇಕು. ನನ್ನ ತೋಳು ಜಗ್ಗಿದಳು.

“ಅಮ್ಮ, ನಾನೇ ತಗೊಂಡಿದ್ದು. ಹೋಗೋಣ ಬಾ.”

ಹೆದರಿದ್ದಾಳೆ ಎಂದುಕೊಂಡೆ. ಹೆದರಿದ ಮಗು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತದೆ ಅಲ್ಲವೇ? ಎದುರು ಗೋಡೆಯ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ಅವಳ ಕಣ್ಣೇ ಹೇಳುತ್ತಿತ್ತು. ಒಂದು ಗಳಿಗೆ ನಾನು ತಡೆದೆ. ಅಜ್ಜಿ ಸತ್ತು ಇನ್ನೂ ಎರಡು ದಿನವಾಗಿಲ್ಲ, ಮಗುವನ್ನು ಮರುದಿನವೇ ಸ್ಕೂಲಿಗೆ ಅಟ್ಟಿದ್ದಾರೆ. ಆದರೆ ಕಳ್ಳಿ ಎನ್ನಿಸಿಕೊಂಡು ನಿಂತವಳು ನನ್ನ ಮಗಳು. ಹೊತ್ತು ಹೆತ್ತವಳು ನಾನು. ನಾನು ಬಾಯಿ ಮುಚ್ಚಿಕೊಂಡರೆ ಇವಳ ಪರವಾಗಿ ಮಾತಾಡುವವರು ಯಾರಿದ್ದಾರೆ?

“ಆ ಸ್ವೆಟರ್ ನನ್ನ ಗಂಡನ ಗಾಡೀಲಿ ಸಿಕ್ಕಿದ್ದು ಮೇಡಂ,” ಎಂದೆ. “ನಿನ್ನೆ ಇವಳಜ್ಜೀನ ಕರ್ಕೊಂಡು ಹೋದ ಗಾಡೀಲಿ. ಇವಳೇ ಅಜ್ಜಿ ಕಾಲಿಗೆ ಹೊದಿಸಿದ್ದಳು. ನನ್ನ ಗಂಡ ಒಗೆದು ಇಸ್ತ್ರಿ ಮಾಡಿ ಕಳಿಸಿದಾರೆ. ಕೇಳಿ ಇವಳನ್ನ.”

ಕೇಳುವ ಅಗತ್ಯವೇ ಬರಲಿಲ್ಲ. ಆ ಹುಡುಗಿ ಗೋಡೆಗುಂಟ ಜಾರಿ ನೆಲಕ್ಕೆ ಕೂತು ಅಳಲು ಶುರು ಮಾಡಿದಳು. ಬಿಕ್ಕುತ್ತಲೇ, ಬುಧವಾರ ಬೆಲ್ ಹೊಡೆದಾಗ ಟಿಕೆಟ್ ನನ್ನ ಹತ್ತಿರವೇ ಇತ್ತು, ಯಾರಿಗೂ ಒರೆಸಲು ಆಗಲಿಲ್ಲ, ಅದಕ್ಕೇ ಅಜ್ಜಿ ಹೋದರು ಎಂದಳು. ಅವಳು ತಾನು ಕಟ್ಟಿದ ಆಟವನ್ನು ತಾನೇ ನಂಬಿದ್ದಳು. ಹೆಡ್‌ಮಿಸ್ ಏನದು ಟಿಕೆಟ್ ಎಂದು ಕೇಳಿದರು. ಅವರಿಗೆ ಏನೇನೂ ಗೊತ್ತಿರಲಿಲ್ಲ. ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ, ಸ್ಕೇಲು, ಖಾಲಿ ಬೆಂಚು, ಲಾಸ್ಟ್ ಬಸ್ಸು, ಬಿರಿದ ಬೆರಳು, ಒಂದನ್ನೂ ಬಿಡಲಿಲ್ಲ. ಇಷ್ಟು ದಿನ ನುಂಗಿದ್ದೆಲ್ಲ ಹೊರಗೆ ಬಂತು. ಹೇಳುತ್ತಿದ್ದಂತೆ ಮೈ ಹಗುರವಾಗುತ್ತಿತ್ತು.

ನಾನು ಹೇಳುತ್ತಿರುವಾಗಲೇ ಹೆಡ್‌ಮಿಸ್ ಮಡಿಲಿನ ಸ್ವೆಟರನ್ನು ಎರಡು ಬೆರಳಲ್ಲಿ ಎತ್ತಿ ಮೇಜಿನ ತುದಿಗಿಟ್ಟರು. ಆಮೇಲೆ ಮೇಜಿನ ಮೇಲಿದ್ದ ಸ್ಯಾನಿಟೈಸರ್ ಬಾಟಲಿಯನ್ನು ಒತ್ತಿ ಕೈ ಉಜ್ಜಿಕೊಂಡರು. ಮಾತು ಕೇಳುತ್ತಾ, ಹೌದಾ, ಛೆ ಛೆ ಎನ್ನುತ್ತಾ, ಬೆರಳ ಸಂದಿಯೆಲ್ಲ ಉಜ್ಜಿಕೊಂಡರು. ತಾವು ಏನು ಮಾಡುತ್ತಿದ್ದೇವೆಂದು ಅವರಿಗೆ ಗೊತ್ತಾಗಲಿಲ್ಲ ಎಂದೇ ನನ್ನ ನಂಬಿಕೆ. ಗುಬ್ಬಿ ಆ ಕೈಗಳನ್ನೇ ನೋಡುತ್ತಿದ್ದಳು.

ಕೊನೆಗೆ ಅವರು ಎದ್ದು ನಿಂತು ನನ್ನ ಹತ್ತಿರ ಕ್ಷಮೆ ಕೇಳಿದರು. ನಿಮ್ಮ ಮಗಳ ಮೇಲೆ ಬಂದ ಮಾತು ತೊಡೆದುಹಾಕುವುದು ನನ್ನ ಜವಾಬ್ದಾರಿ, ನಾಳೆ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಇಡೀ ಸ್ಕೂಲಿನ ಮುಂದೆ ಸ್ವೆಟರಿನ ನಿಜ ಹೇಳುತ್ತೇನೆ, ಹೆಣದ ಗಾಡಿ ಓಡಿಸುವುದೂ ಗೌರವದ ಕೆಲಸ ಎಂದು ಎಲ್ಲ ಮಕ್ಕಳಿಗೂ ತಿಳಿಸಿ ಹೇಳುತ್ತೇನೆ ಎಂದರು. ನನಗೆ ಗೆದ್ದಷ್ಟು ಸಂತೋಷವಾಯಿತು. ಗುಬ್ಬಿಯ ಹೆಗಲ ಮೇಲೆ ಕೈಹಾಕಿಕೊಂಡು ತಲೆಯೆತ್ತಿ ಹೊರಗೆ ಬಂದೆ.

ವರಾಂಡದಲ್ಲಿ ಯಾರೂ ಇರಲಿಲ್ಲ. ಕ್ಲಾಸುಗಳಿಂದ ಮಗ್ಗಿ ಹೇಳುವ ಸದ್ದು ಬರುತ್ತಿತ್ತು. ಗುಬ್ಬಿ ನನ್ನ ಕೈಯಿಂದ ಜಾರಿಕೊಂಡು ಕಂಬದ ಹತ್ತಿರ ನಿಂತಳು. ಹರಳೆಣ್ಣೆ ಕುಡಿದ ಮುಖ. ಯಾಕೆ, ಎಲ್ಲ ಸರಿಹೋಯಿತಲ್ಲ ಎಂದೆ.

“ನಾನು ಹೇಳಿರ್ಲಿಲ್ಲ ಅಲ್ವಾ?” ಎಂದಳು. “ನೀನ್ಯಾಕೆ ಹೇಳ್ದೆ?”

ಹೇಳದೆ ಏನು ಮಾಡಲಿ, ನಿನ್ನನ್ನು ಕಳ್ಳಿ ಎನ್ನುತ್ತಿದ್ದರಲ್ಲ ಎಂದೆ. ಆ ಹುಡುಗಿಯ ಮೇಲೆ ಕನಿಕರವೋ, ಇಲ್ಲ ಭಯವೋ ಎಂದೂ ಗದರಿದೆ. ಅವಳು ಎರಡಕ್ಕೂ ತಲೆಯಾಡಿಸಲಿಲ್ಲ. ಮಣಿಕಟ್ಟಿನ ಮೇಲಿನ ಕೆಂಪು ಗುರುತನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದಳು. ನೋವಿಗೆ ಹಿಡಿದುಕೊಂಡಿದ್ದಾಳೆ ಎಂದು ನಾನು ನೋಡಹೋದರೆ ಕೈ ಹಿಂದಕ್ಕೆಳೆದುಕೊಂಡಳು.

“ಬೆಳಿಗ್ಗೆ ಎಲ್ಲರೂ ಬಂದು ನನ್ನ ಹಿಡ್ಕೊಂಡ್ರಮ್ಮ,” ಎಂದಳು. “ಕೈ ಹಿಡ್ಕೊಂಡೇ ಇಲ್ಲೀತನಕ ಎಳ್ಕೊಂಡು ಬಂದ್ರು. ಒಬ್ಬರೂ ಒರೆಸ್ಕೊಳ್ಳಲಿಲ್ಲ. ಟಿಕೆಟ್ ಅನ್ನೋದೇ ಮರ್ತುಹೋಗಿತ್ತು ಅವ್ರಿಗೆ.” ಮಣಿಕಟ್ಟಿನ ಗುರುತನ್ನೇ ನೋಡುತ್ತಾ ಮತ್ತೆ ಹೇಳಿದಳು. “ಕಳ್ಳೀನ ಮುಟ್ಬೋದಮ್ಮ.”

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ, ಎದುರು ಮಾತಾಡಿದ್ದರೆ ಬೈಯುತ್ತಿದ್ದೆ. ನಾಳೆ ಬೆಳಿಗ್ಗೆ ಇಡೀ ಸ್ಕೂಲಿನ ಮುಂದೆ ಮೈಕಿನಲ್ಲಿ ಅವಳಪ್ಪನ ಗಾಡಿಯ ಬಗ್ಗೆ ಗೌರವದ ಮಾತುಗಳು ಬರುತ್ತವೆ. ಏಳನೇ ಕ್ಲಾಸಿಗೆ ಮಾತ್ರ ಗೊತ್ತಿದ್ದದ್ದು ಸಣ್ಣ ಕ್ಲಾಸಿನ ಮಕ್ಕಳಿಗೂ ಗೊತ್ತಾಗುತ್ತದೆ. ಸತ್ತ ಅಜ್ಜಿಯ ಕಾಲ ಮೇಲಿದ್ದ ಸ್ವೆಟರನ್ನು ಬ್ಯಾಗಿನಲ್ಲಿ ಹೊತ್ತು ತಂದವಳು ಎಂದೂ ಗೊತ್ತಾಗುತ್ತದೆ. ಒಂದು ಬೆಳಗಿನ ಮಟ್ಟಿಗೆ ಅವಳಿಗೆ ಸಿಕ್ಕಿದ್ದನ್ನು ನಾನು ಹಗುರವಾಗುವ ಭರದಲ್ಲಿ ಕಿತ್ತುಕೊಂಡಿದ್ದೆ.

ಇಲ್ಲೇ ನಿಂತಿರು ಎಂದು ಹೇಳಿ ಹಿಂತಿರುಗಿ ನಡೆದೆ. ಮಗಳ ಸ್ವೆಟರಿಗಿಂತ ಮುತುವರ್ಜಿಯಿಂದ ಇಸ್ತ್ರಿ ಹಾಕಿದ ಆ ಮನುಷ್ಯನಿಗೆ ಸಂಜೆ ಏನು ಹೇಳಲಿ ಎಂದು ಹೊಳೆಯಲಿಲ್ಲ. ಬಾಗಿಲು ತಟ್ಟಿ ಒಳಗೆ ಹೋದೆ. ಕಿಟಕಿಗಳನ್ನೆಲ್ಲ ತೆರೆದಿದ್ದರು. ಸ್ವೆಟರ್ ಮೇಜಿನ ಮೇಲಿಂದ ನೆಲದ ಮೇಲಿನ ಹಳೆಯ ಪೇಪರಿಗೆ ಇಳಿದಿತ್ತು. ಮಾನಿಟರ್ ಹುಡುಗಿ ಇನ್ನೂ ಅಲ್ಲೇ ನೆಲದ ಮೇಲೆ ಕೂತಿದ್ದಳು. ಅವಳ ಮೇಲಿನ ನನ್ನ ಸಿಟ್ಟು ಇಳಿದಿರಲಿಲ್ಲ, ಇವತ್ತಿಗೂ ಇಳಿದಿಲ್ಲ. ಆದರೆ ಆ ಹೊತ್ತಿಗೆ ಆ ರೂಮಿನಲ್ಲಿ ನಾನು ಏನು ಕೇಳಲು ಬಂದಿದ್ದೇನೆಂದು ಅರ್ಥವಾಗುವವಳು ಅವಳೊಬ್ಬಳೇ.

ನಾಳೆ ಪ್ರಾರ್ಥನೆಯಲ್ಲಿ ಗಾಡಿಯ ಮಾತು, ಅಜ್ಜಿಯ ಮಾತು ಯಾವುದೂ ಬೇಡ ಎಂದು ಹೆಡ್‌ಮಿಸ್ಸಿಗೆ ಹೇಳಿದೆ. ಅವರಿಗೆ ತಲೆಬುಡ ತಿಳಿಯಲಿಲ್ಲ. ಹಾಗಾದರೆ ಮಕ್ಕಳಿಗೆ ಏನೆಂದು ಹೇಳಲಿ, ಎಲ್ಲರೂ ನಿಮ್ಮ ಮಗಳೇ ಕದ್ದಳು ಎಂದುಕೊಂಡಿದ್ದಾರಲ್ಲ ಎಂದರು. ನೆಲದ ಮೇಲಿನ ಹುಡುಗಿ ತಲೆಯೆತ್ತಿ ನನ್ನ ಬಾಯನ್ನೇ ನೋಡಿದಳು.

“ಹಾಗೇ ಅಂದುಕೊಳ್ಳಲಿ ಮೇಡಂ,” ಎಂದೆ. “ನನ್ನ ಮಗಳು ಕದ್ದಿದ್ದಾಳೆ. ಹಾಗಂತಲೇ ಹೇಳಿ.”